ಹುಲ್ಲು ಹೊಡೆಯುವ ಕೆಲಸಕ್ಕೆ ಯಾವ ಬ್ರಷ್ ಕಟ್ಟರ್ ತೆಗೆದುಕೊಳ್ಳುವುದು? ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ?

ಪೆರ್ಲದವ:

ಎಲ್ಲರಿಗೂ ನಮಸ್ಕಾರ. ಇಷ್ಟು ಕಾಲ ಬೇರೆಯವರ ಮೆಷಿನ್ ಹಿಡಿದು ಸಂಬಳಕ್ಕೆ ಹುಲ್ಲು ಹೊಡೆಯುತ್ತಿದ್ದೆ. ಈ ಮಳೆಗಾಲದ ಮೊದಲು ಸ್ವಂತ ಮೆಷಿನ್ ತೆಗೆದುಕೊಂಡು ಸ್ವಂತ ಕೆಲಸ ಶುರು ಮಾಡಬೇಕು ಅಂತ ಇದ್ದೇನೆ. ಅದಕ್ಕೇ ಅನುಭವ ಇರುವವರನ್ನು ಕೇಳುತ್ತಿದ್ದೇನೆ.

ನನ್ನ ಕೆಲಸ ಎರಡು ತರದ್ದು. ಬದಿಯಡ್ಕ, ಕುಂಬಳೆ ಕಡೆ ಈಗ ಹೊಸ ಮನೆ ಕಟ್ಟಿದವರೆಲ್ಲ ಎದುರು ಲಾನ್ ಹಾಕಿಸಿದ್ದಾರೆ. ತುಂಬಾ ಜನ ಗಲ್ಫಿನಲ್ಲಿ ಇರುವವರು, ತಿಂಗಳಿಗೆ ಒಂದೆರಡು ಸಲ ಬಂದು ಚಂದ ಮಾಡಿ ಹೋಗಿ ಅಂತಾರೆ. ಇನ್ನೊಂದು ನಮ್ಮ ಪೆರ್ಲದ ಆಚೀಚೆಯ ಅಡಿಕೆ ತೋಟ, ಮತ್ತೆ ಮಳೆ ಬಿಟ್ಟ ಮೇಲೆ ಗುಡ್ಡೆಯಲ್ಲಿ ಗೇರು ಮರಗಳ ಬುಡ ಬಿಡಿಸುವ ಕೆಲಸ. ಅಲ್ಲಿ ಹುಲ್ಲು ಮಾತ್ರ ಅಲ್ಲ, ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಆಳೆತ್ತರ ಬೆಳೆದಿರುತ್ತದೆ, ಲಂಟಾನ ಉಂಟು, ಬಳ್ಳಿ ಉಂಟು, ಕೆಳಗೆ ಪೂರಾ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು.

ಕೈಯಲ್ಲಿ ನಲವತ್ತು ಸಾವಿರದವರೆಗೆ ಉಂಟು. ಆನ್‌ಲೈನಿನಲ್ಲಿ 52 ಸಿಸಿ ಮೆಷಿನ್ ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ, ಅದರ ಜೊತೆ ಮಣ್ಣು ಕೊಚ್ಚುವ ಟಿಲ್ಲರ್, ಗರಗಸ ಎಲ್ಲ ಕೊಡುತ್ತಾರೆ. ಮಂಗಳೂರಿನ ಶೋರೂಮಿನಲ್ಲಿ ಫೋರ್ ಸ್ಟ್ರೋಕ್ ತೆಗೆದುಕೊಳ್ಳಿ ಅಂದರು. ಗೆಳೆಯರು ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಎಂಜಿನ್, ಬಿಟ್ಟು ಬೇರೆ ನೋಡಬೇಡ ಅಂತಾರೆ. ಬೆನ್ನಿಗೆ ಹಾಕುವುದಾ, ಪಕ್ಕಕ್ಕೆ ನೇತು ಹಾಕುವುದಾ ಅನ್ನುವುದೂ ಇತ್ಯರ್ಥ ಆಗಿಲ್ಲ. ದಿನಕ್ಕೆ ಐದಾರು ಗಂಟೆ ಓಡುವ ಮೆಷಿನ್ ಬೇಕು. ದಯವಿಟ್ಟು ಕಂಪನಿ ಜಾಹೀರಾತಿನ ಮಾತು ಬೇಡ, ಬಳಸಿದವರು ಹೇಳಿ.

ಮುಳ್ಳೇರಿಯ ರಿಪೇರಿ:

ನಾನು ಮೆಷಿನ್ ರಿಪೇರಿ ಮಾಡುವವ, ಮಾರುವವನಲ್ಲ. ಹಾಗಾಗಿ ಬೆಂಚಿಗೆ ಬರುವುದನ್ನು ನೋಡಿ ಹೇಳುತ್ತೇನೆ.

ಮೊದಲನೆಯದು, ಸಿಸಿ ನೋಡಿ ಮೆಷಿನ್ ತೆಗೆದುಕೊಳ್ಳಬೇಡಿ. ಆ 52 ಸಿಸಿಯ ಅಗ್ಗದ ಮೆಷಿನ್ ಒಂದೇ ನಮೂನೆಯ ಎಂಜಿನ್, ಮೇಲಿನ ಪ್ಲಾಸ್ಟಿಕ್ಕಿನ ಬಣ್ಣ ಮತ್ತು ಸ್ಟಿಕ್ಕರ್ ಮಾತ್ರ ಬೇರೆ ಬೇರೆ. ಅರ್ಧ ಎಕರೆ ಜಾಗ ಇದ್ದು ವರ್ಷಕ್ಕೆ ಮೂರ್ನಾಲ್ಕು ಸಲ ತೆಗೆಯುವ ಮನೆಯವರಿಗೆ ಅದು ಸಾಕು, ಅದನ್ನು ನಾನು ಹಾಳು ಅಂತ ಹೇಳುವುದಿಲ್ಲ. ಆದರೆ ದಿನಾ ಐದಾರು ಗಂಟೆ ಅಂದರೆ ಬೇರಿಂಗ್, ಕ್ಲಚ್, ಕಾರ್ಬುರೇಟರ್ ಒಂದರ ಹಿಂದೆ ಒಂದು ಕೈಕೊಡುತ್ತದೆ. ಪಾರ್ಟ್ ಅಗ್ಗ, ನಿಜ. ಆದರೆ ಜೂನ್ ಜುಲೈನಲ್ಲಿ ಮೆಷಿನ್ ಅಂಗಡಿಯಲ್ಲಿ ಬಿದ್ದ ಒಂದೊಂದು ದಿನವೂ ನಿಮ್ಮ ಕೂಲಿ ಹೋಯಿತು, ಆ ಲೆಕ್ಕ ಯಾರೂ ಹಾಕುವುದಿಲ್ಲ. ಭಾರವೂ ಜಾಸ್ತಿ, ನಡುಕವೂ ಜಾಸ್ತಿ. ಜೊತೆಗೆ ಕೊಡುವ ಟಿಲ್ಲರನ್ನು ನಮ್ಮ ಮುರಕಲ್ಲಿನ ಮಣ್ಣಿಗೆ ಹಾಕಿದರೆ ಗೇರ್ ಬಾಕ್ಸ್ ಕಥೆ ಮುಗಿಯಿತು.

ಸಿಸಿ ಬದಲು ಎರಡು ಸಂಖ್ಯೆ ಕೇಳಿ. ಎಷ್ಟು ಕಿಲೋವ್ಯಾಟ್, ಎಷ್ಟು ಕೆಜಿ. ಉದಾಹರಣೆಗೆ ಸ್ಟಿಲ್ ಕಂಪನಿಯ ಎಫ್‌ಎಸ್ 120 ಮತ್ತು ಎಫ್‌ಎಸ್ 250 ನೋಡಿ. ಮೊದಲನೆಯದು 30.8 ಸಿಸಿ, 1.3 ಕಿಲೋವ್ಯಾಟ್. ಎರಡನೆಯದು 40.2 ಸಿಸಿ, 1.6 ಕಿಲೋವ್ಯಾಟ್. ಪೆಟ್ರೋಲ್ ಹಾಕದೆ ಎರಡೂ ಹೆಚ್ಚು ಕಡಿಮೆ 6.3 ಕೆಜಿ. ಅಂದರೆ ಹೆಗಲಿಗೆ ಅದೇ ಭಾರ, ಗುಡ್ಡೆಯಲ್ಲಿ ಶಕ್ತಿ ಜಾಸ್ತಿ. ನಿಮ್ಮ ಕೆಲಸದಲ್ಲಿ ಕಮ್ಯುನಿಸ್ಟ್ ಗಿಡ, ಲಂಟಾನ ಎಲ್ಲ ಇರುವುದರಿಂದ ನಾನಾದರೆ 250ರ ಹಾಗಿನ 40 ಸಿಸಿ ಆಸುಪಾಸಿನ ಟೂ ಸ್ಟ್ರೋಕ್ ತೆಗೆದುಕೊಳ್ಳುತ್ತೇನೆ. ಹಸ್ಕ್‌ವರ್ನಾ 143ಆರ್ ಕೂಡ ಅದೇ ವರ್ಗದ್ದು, 41.5 ಸಿಸಿ. ಇವುಗಳಲ್ಲಿ ಯಾವುದು ಅಂತ ನಾನು ಹೇಳುವುದಕ್ಕಿಂತ ನಿಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ಯಾವುದರ ಪಾರ್ಟ್ ಸಿಗುತ್ತದೆ ಅಂತ ನೋಡಿ. ಪೆರ್ಲದವರಿಗೆ ಪುತ್ತೂರೂ ಹತ್ತಿರ, ಕಾಸರಗೋಡೂ ಹತ್ತಿರ. ಎರಡೂ ಕಡೆ ಹೋಗಿ ಸ್ಟಾರ್ಟರ್ ಹಗ್ಗದ ಸ್ಪ್ರಿಂಗ್, ಕ್ಲಚ್, ಕಾರ್ಬುರೇಟರ್ ಕಿಟ್, ನೈಲಾನ್ ಹೆಡ್ (ಹುಲ್ಲು ಹೊಡೆಯುವ ದಾರ ಸುತ್ತಿದ ತಲೆ) ಇವಿಷ್ಟು ಈಗ ಇಲ್ಲಿ ಉಂಟಾ ಅಂತ ಕೇಳಿ. ತರಿಸಿ ಕೊಡುತ್ತೇವೆ ಅಂದರೆ ಆ ಅಂಗಡಿ ಬೇಡ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಕಡೆ ಮೆಷಿನ್ ತಂದ ದಿನವೇ ಗಾರ್ಡ್, ಅಂದರೆ ತಿರುಗುವ ಹೆಡ್ಡಿನ ರಕ್ಷಣೆಯ ಮುಚ್ಚಳ, ಬಿಚ್ಚಿ ಬಿಸಾಡುತ್ತಾರೆ. ಗಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಬ್ಲೇಡ್ ಇರುತ್ತದೆ, ಹೊರಗೆ ಬಂದ ನೈಲಾನ್ ದಾರವನ್ನು ಬೇಕಾದ ಉದ್ದಕ್ಕೆ ಕತ್ತರಿಸುವುದು ಅದರ ಕೆಲಸ. ಗಾರ್ಡ್ ತೆಗೆದರೆ ದಾರ ಉದ್ದ ಆಗುತ್ತದೆ, ಬೀಸು ಅಗಲ ಆಯಿತು ಅಂತ ಖುಷಿ ಆಗುತ್ತದೆ. ಆದರೆ ಎಂಜಿನ್‌ಗೆ ಬೇಕಾದ ವೇಗ ಸಿಗುವುದಿಲ್ಲ, ಕ್ಲಚ್ ಜಾರಿ ಜಾರಿ ಸುಡುತ್ತದೆ, ಎಂಜಿನ್ ಬಿಸಿಯಾಗುತ್ತದೆ. ನನ್ನ ಹತ್ತಿರ ಬರುವ ಸುಟ್ಟ ಕ್ಲಚ್‌ಗಳಲ್ಲಿ ಹೆಚ್ಚಿನವು ಗಾರ್ಡ್ ಇಲ್ಲದ ಮೆಷಿನ್‌ನವು. ಕಂಪನಿ ಯಾವುದೇ ಇರಲಿ.

ಬೇಕಲ ಲಾನ್:

ಮೇಲಿನವರು ಹೇಳಿದ್ದು ಗುಡ್ಡೆಗೆ ಸರಿ. ನಾನು ಬೇಕಲದ ಕಡೆ ರೆಸಾರ್ಟ್, ದೊಡ್ಡ ಮನೆಗಳ ತೋಟ ನೋಡಿಕೊಳ್ಳುವವನು. ಲಾನ್ ಬಗ್ಗೆ ಮಾತ್ರ ಹೇಳುತ್ತೇನೆ.

ಬ್ರಷ್ ಕಟ್ಟರಿನಿಂದ ಲಾನ್ ಮಾಡಿಕೊಡುತ್ತೇನೆ ಅಂತ ಗಿರಾಕಿಗೆ ಮಾತು ಕೊಡಬೇಡಿ. ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದಿಲ್ಲ, ಹೊಡೆದು ಹರಿಯುತ್ತದೆ. ಎಲೆಯ ತುದಿ ಹರಿದು ಎರಡು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗರಿಕೆಯ ಹಾಗಿನ ಸಪೂರ ಹುಲ್ಲಾದರೆ ಅಷ್ಟು ಗೊತ್ತಾಗುವುದಿಲ್ಲ, ಬಫಲೋ ಹುಲ್ಲಿನ ಅಗಲ ಎಲೆಯಲ್ಲಿ ಎದ್ದು ಕಾಣುತ್ತದೆ. ಅದರ ಮೇಲೆ ಎಷ್ಟು ಕೈ ಪಳಗಿದವನಾದರೂ ಬೀಸಿದ ಗುರುತು ಅಲೆ ಅಲೆಯಾಗಿ ಉಳಿದೇ ಉಳಿಯುತ್ತದೆ. ಕೆಲವು ಕಡೆ ಬುಡದವರೆಗೆ ಬೋಳಾಗುತ್ತದೆ, ಅಲ್ಲಿ ಕಳೆ ಬರುತ್ತದೆ. ಲಾನಿನ ಮಧ್ಯಕ್ಕೆ ಮೋವರ್, ಅಂದರೆ ಚಕ್ರದ ಮೇಲೆ ಓಡಿಸಿ ಹುಲ್ಲು ಸಮನಾಗಿ ಕತ್ತರಿಸುವ ಮೆಷಿನ್, ಬೇಕು. ಬ್ರಷ್ ಕಟ್ಟರ್ ಬೇಕಾದದ್ದು ಗೋಡೆಯ ಅಂಚು, ಮೆಟ್ಟಿಲ ಬದಿ, ಗಿಡದ ಸುತ್ತ, ಇಳಿಜಾರು, ಇಷ್ಟಕ್ಕೆ.

ಹಾಗಾಗಿ ನಲವತ್ತನ್ನೂ ಒಂದೇ ಮೆಷಿನ್‌ಗೆ ಹಾಕಬೇಡಿ ಅಂತ ನನ್ನ ಅಭಿಪ್ರಾಯ. ಮನೆಗಳ ಲಾನ್ ಸಣ್ಣದಾದರೆ ಕೈಯಲ್ಲಿ ತಳ್ಳುವ, ಎಂಜಿನ್ ಇಲ್ಲದ ರೀಲ್ ಮೋವರ್ ಒಂದು ತೆಗೆದುಕೊಳ್ಳಿ. ಬ್ಲೇಡ್ ಹರಿತ ಇದ್ದರೆ ಅದರಷ್ಟು ಚಂದದ ಕಟ್ ಬೇರೆ ಯಾವುದೂ ಕೊಡುವುದಿಲ್ಲ. ಆದರೆ ಹುಲ್ಲು ಎತ್ತರ ಬೆಳೆದ ಮೇಲೆ ಅದು ಹೋಗುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೆ ಒಂದು ಸಲ ಬಂದು ಹೋಗುವ ಲೆಕ್ಕ ಸರಿ ಬರುವುದಿಲ್ಲ ಅಂತ ಗಿರಾಕಿಗೆ ಮೊದಲೇ ಹೇಳಿ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದರೆ ಹುಲ್ಲು ಸೊರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹುಲ್ಲು ಬೆಳೆಯುವ ವೇಗಕ್ಕೆ ವಾರಕ್ಕೊಂದು ಸಲ ಬೇಕಾಗುತ್ತದೆ. ಅದರ ಪ್ರಕಾರ ತಿಂಗಳ ರೇಟು ಮಾತಾಡಿ.

ದಾರದ ಬಗ್ಗೆ. ಲಾನಿನ ಅಂಚಿಗೆ 2.4 ಮಿಲಿಮೀಟರ್ ದುಂಡು ದಾರ ಸಾಕು. ತೋಟದ ಹುಲ್ಲಿಗೆ 3 ಮಿಲಿಮೀಟರ್. ಚೌಕದ್ದು, ನಕ್ಷತ್ರದ ಆಕಾರದ್ದು ಬೇಗ ಹೊಡೆಯುತ್ತದೆ, ಶಬ್ದ ಜಾಸ್ತಿ, ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ನೈಲಾನ್ ಒಣಗಿ ಪಟಪಟ ತುಂಡಾಗುತ್ತದೆ. ಹಿಂದಿನ ರಾತ್ರಿ ಇಡೀ ಸುರುಳಿಯನ್ನು ಬಕೆಟ್ ನೀರಿನಲ್ಲಿ ಹಾಕಿಡಿ, ನೈಲಾನ್ ನೀರು ಹೀರಿ ಮೆತ್ತಗಾಗುತ್ತದೆ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಗಾಜಿನ ಕಿಟಕಿ, ನಿಲ್ಲಿಸಿದ ಕಾರು ಇದ್ದ ಕಡೆ ಹಸಿರು ಶೇಡ್ ನೆಟ್ ಕಟ್ಟಿದ ಎರಡು ಕೋಲು ಜೊತೆಗೇ ಒಯ್ಯಿರಿ. ನಾವು ಅದಿಲ್ಲದೆ ಮೆಷಿನ್ ಸ್ಟಾರ್ಟ್ ಮಾಡುವುದೇ ಇಲ್ಲ. ಒಂದು ಕಾರಿನ ಗಾಜಿಗೆ ಕೊಡುವ ದುಡ್ಡಿನಲ್ಲಿ ಒಂದು ತಿಂಗಳ ಸಂಪಾದನೆ ಹೋಗುತ್ತದೆ.

ಉಪ್ಪಳ ಫೋರ್ ಸ್ಟ್ರೋಕ್:

ಫೋರ್ ಸ್ಟ್ರೋಕ್ ಬಗ್ಗೆ ಯಾರೂ ಒಳ್ಳೆಯ ಮಾತು ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನನ್ನದು ಹೋಂಡಾ, ಒಳಗಿರುವುದು ಜಿಎಕ್ಸ್ 35 ಎಂಜಿನ್, 35.8 ಸಿಸಿ. ಉಪ್ಪಳ, ಮಂಜೇಶ್ವರ ಕಡೆ ಶಾಲೆ ಮೈದಾನ, ಮನೆ ಜಾಲು, ತೆಂಗಿನ ತೋಟ, ಇದೇ ನನ್ನ ದಿನದ ಕೆಲಸ.

ಎಣ್ಣೆ ಬೆರೆಸುವ ತಲೆನೋವು ಇಲ್ಲ. ಪಂಪಿನಿಂದ ತಂದ ಪೆಟ್ರೋಲ್ ನೇರ ಹಾಕಿದರೆ ಆಯಿತು. ಹೊಗೆ ಕಡಿಮೆ. ಇಡೀ ದಿನ ಟೂ ಸ್ಟ್ರೋಕ್ ಹೊಗೆ ಕುಡಿದು ಸಂಜೆ ತಲೆ ಸಿಡಿಯುವುದು ಹೇಗೆ ಅಂತ ಮಾಡಿದವರಿಗೇ ಗೊತ್ತು. ಪೆಟ್ರೋಲ್ ಖರ್ಚೂ ಕಡಿಮೆ, ಗಂಟೆಗೆ ಮುಕ್ಕಾಲು ಲೀಟರಿನ ಹತ್ತಿರ ಕುಡಿಯುತ್ತದೆ. ಶಬ್ದವೂ ಅಷ್ಟು ಕಿರಿಚುವುದಿಲ್ಲ. ಹಳೆಯ ಫೋರ್ ಸ್ಟ್ರೋಕಿನ ಹಾಗೆ ಓರೆ ಹಿಡಿದರೆ ಬಂದ್ ಆಗುವ ಎಂಜಿನ್ ಅಲ್ಲ ಇದು, ಯಾವ ಕೋನದಲ್ಲಿ ಹಿಡಿದರೂ ಓಡುತ್ತದೆ.

ಆದರೆ ಇದಕ್ಕೂ ಆರೈಕೆ ಬೇಕು. ಒಳಗೆ ಹಿಡಿಯುವ ಎಂಜಿನ್ ಆಯಿಲ್ ಬರೀ 100 ಮಿಲಿಲೀಟರ್. ಅಷ್ಟು ಸಣ್ಣ ಪ್ರಮಾಣದಲ್ಲಿ ಸ್ವಲ್ಪ ಕಡಿಮೆಯಾದರೂ ಎಂಜಿನ್ ಜಾಮ್ ಆಯಿತು ಅಂತಲೇ ಲೆಕ್ಕ. ದಿನಾ ಬೆಳಿಗ್ಗೆ ಮುಚ್ಚಳ ಬಿಚ್ಚಿ ನೋಡಬೇಕು. ಹೊಸತರಲ್ಲಿ 10 ಗಂಟೆ ಓಡಿದ ಮೇಲೆ ಒಂದು ಸಲ, ಆಮೇಲೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. 10ಡಬ್ಲ್ಯು-30 ಹಾಕಿ. ದಿನಕ್ಕೆ ಐದು ಗಂಟೆ ಓಡಿಸಿದರೆ 50 ಗಂಟೆ ಅಂದರೆ ಬರೀ ಹತ್ತು ದಿನ, ಅದನ್ನು ನೆನಪಿಡಿ. 100 ಮಿಲಿ ಆಯಿಲ್‌ಗೆ ಎಷ್ಟು ದುಡ್ಡು ಬೇಕು ಮಾರಾಯ್ರೇ, ಆದರೂ ಜನ ಮಾಡುವುದಿಲ್ಲ. ಆಮೇಲೆ ಫೋರ್ ಸ್ಟ್ರೋಕ್ ಬಾಳಿಕೆ ಬರುವುದಿಲ್ಲ ಅಂತಾರೆ.

ಭಾರ ಸ್ವಲ್ಪ ಜಾಸ್ತಿ, ಏಳೂವರೆ ಕೆಜಿಯ ಹತ್ತಿರ. ಶಕ್ತಿ 1 ಕಿಲೋವ್ಯಾಟಿನ ಆಸುಪಾಸು. ಒಪ್ಪುತ್ತೇನೆ, ಲಂಟಾನದ ಪೊದೆಗೆ ಬ್ಲೇಡ್ ಹಾಕಿ ನುಗ್ಗಿಸುವವರಿಗೆ ಇದು ನಿಧಾನ ಅನಿಸುತ್ತದೆ. ಹುಲ್ಲಿನ ಕೆಲಸವೇ ಜಾಸ್ತಿ ಅಂತಾದರೆ ಇದರಷ್ಟು ಸುಖ ಬೇರೆ ಇಲ್ಲ.

ಪೆರ್ಲದವ:

ತುಂಬಾ ಉಪಕಾರ. ಮೂವರೂ ಇಷ್ಟು ಬಿಡಿಸಿ ಬರೆದದ್ದಕ್ಕೆ ಖುಷಿ ಆಯಿತು. ರೀಲ್ ಮೋವರ್ ವಿಷಯ ನನಗೆ ಹೊಳೆದೇ ಇರಲಿಲ್ಲ.

ಲೆಕ್ಕ ಹಾಕಿದೆ, ನನ್ನ ಸಂಪಾದನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತೋಟ ಮತ್ತು ಗುಡ್ಡೆಯಿಂದಲೇ ಬರುವುದು. ಹಾಗಾಗಿ ಮನಸ್ಸು 40 ಸಿಸಿ ಟೂ ಸ್ಟ್ರೋಕ್ ಕಡೆಗೇ ವಾಲುತ್ತಿದೆ. ಇನ್ನೂ ಮೂರು ಸಂಶಯ ಉಂಟು. ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸುವುದು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈಗಿನ ಎಥನಾಲ್ ಪೆಟ್ರೋಲಿನಿಂದ ಮೆಷಿನ್ ಹಾಳಾಗುತ್ತದೆ ಅನ್ನುವುದು ನಿಜವಾ? ಮತ್ತೆ ಬೆನ್ನಿಗೆ ಹಾಕುವ ಮೆಷಿನ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ತೋಟ ಎಲ್ಲ ಮೆಟ್ಟಿಲು ಮೆಟ್ಟಿಲು, ಮಧ್ಯೆ ನೆಟ್ಟಗೆ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ.

ಮುಳ್ಳೇರಿಯ ರಿಪೇರಿ:

ಒಂದೊಂದಾಗಿ ಹೇಳುತ್ತೇನೆ.

ಎಣ್ಣೆ. ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ, ಅಂದರೆ ಕಂಪನಿ ಹೇಳಿದ್ದೇ ಹಾಕಿದರೆ 50ಕ್ಕೆ 1. ಲೀಟರಿಗೆ 20 ಮಿಲಿ, 5 ಲೀಟರಿಗೆ 100 ಮಿಲಿ. ಬೇರೆ ಸಾಧಾರಣ ಟೂ ಸ್ಟ್ರೋಕ್ ಎಣ್ಣೆ ಆದರೆ ಸ್ಟಿಲ್‌ನವರ ಪುಸ್ತಕದಲ್ಲಿ 25ಕ್ಕೆ 1 ಅಂತ ಉಂಟು, ಅಂದರೆ ಲೀಟರಿಗೆ 40 ಮಿಲಿ. ಒಬ್ಬೊಬ್ಬರು ಒಂದೊಂದು ಹೇಳುವುದು ಇದೇ ಕಾರಣಕ್ಕೆ, ಎಣ್ಣೆ ಬೇರೆ, ಲೆಕ್ಕವೂ ಬೇರೆ. ಅಳತೆ ಗೀಟು ಇರುವ ಸಣ್ಣ ಬಾಟಲಿ ಇಟ್ಟುಕೊಳ್ಳಿ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ. ಕಡಿಮೆ ಆದರೆ ಪಿಸ್ಟನ್ ಗೀರುತ್ತದೆ, ಜಾಸ್ತಿ ಆದರೆ ಪ್ಲಗ್ಗಿನಲ್ಲಿ, ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಎಂಜಿನ್ ಉಸಿರು ಕಟ್ಟುತ್ತದೆ. ಬೆರೆಸುವುದು ಕ್ಯಾನಿನಲ್ಲಿ, ಟ್ಯಾಂಕಿಯಲ್ಲಿ ಅಲ್ಲ.

ಎಥನಾಲ್. ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ನಮ್ಮ ಮಳೆಗಾಲದ ಗಾಳಿ ಎಷ್ಟು ಒದ್ದೆ ಅಂತ ಹೇಳಬೇಕಾಗಿಲ್ಲ. ನೀರು ಒಂದು ಮಟ್ಟಕ್ಕಿಂತ ಜಾಸ್ತಿ ಆದಾಗ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಅಡಿಯಲ್ಲಿ ಕೂರುತ್ತದೆ. ಎಣ್ಣೆ ಮೇಲೆ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿಯ ಪೈಪು ಹೀರುವುದು ಅಡಿಯಿಂದ. ಅಂದರೆ ಎಣ್ಣೆ ಇಲ್ಲದ ದ್ರವ ಎಂಜಿನ್‌ಗೆ ಹೋಗುತ್ತದೆ. ಕಾರ್ಬುರೇಟರಿನ ತೆಳು ಡಯಾಫ್ರಾಮ್, ಪೆಟ್ರೋಲ್ ಪೈಪು ಕೂಡ ಗಟ್ಟಿಯಾಗುತ್ತವೆ. ದಿನಾ ಓಡುವ ಮೆಷಿನ್‌ಗೆ ಇದರಿಂದ ಅಷ್ಟು ತೊಂದರೆ ಇಲ್ಲ, ನಿಲ್ಲಿಸಿಟ್ಟ ಮೆಷಿನ್‌ಗೇ ತೊಂದರೆ. ಬೇಕಾದಷ್ಟೇ ಬೆರೆಸಿ, ಒಂದು ತಿಂಗಳಿಗಿಂತ ಹಳೆಯದನ್ನು ಹಾಕಬೇಡಿ. ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಟ್ಯಾಂಕಿ ಖಾಲಿ ಮಾಡಿ, ತಾನಾಗಿ ಬಂದ್ ಆಗುವವರೆಗೆ ಓಡಿಸಿ ಇಡಿ.

ಬೆನ್ನಿನ ಮೆಷಿನ್. ಬರೆಗೆ, ಕಡಿದಾದ ಗುಡ್ಡೆಗೆ ಅದು ಒಳ್ಳೆಯದು, ಇದರಲ್ಲಿ ಸಂಶಯ ಇಲ್ಲ. ಎಂಜಿನ್ ಬೆನ್ನಿನಲ್ಲಿರುವುದರಿಂದ ಕೋಲು ಹಗುರ, ಮೇಲಕ್ಕೆ ಕೆಳಕ್ಕೆ ಹೇಗೆ ಬೇಕಾದರೂ ತಿರುಗಿಸಬಹುದು. ಆದರೆ ಎಂಜಿನ್‌ನಿಂದ ಕೋಲಿಗೆ ಬರುವ ಬಳುಕುವ ಶಾಫ್ಟ್ ಬೇಗ ಸವೆಯುತ್ತದೆ, ಅದಕ್ಕೆ ಗ್ರೀಸ್ ಹಾಕುತ್ತಲೇ ಇರಬೇಕು, ಜಾಸ್ತಿ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುತ್ತದೆ. ಎಂಜಿನ್ ಬಿಸಿ ಮತ್ತು ನಡುಕ ಬೆನ್ನಿಗೆ. ಕಣಜ ಎದ್ದರೆ, ಕಾಲು ಜಾರಿದರೆ ಬೇಗ ಕಳಚಿ ಹಾಕುವುದು ಕಷ್ಟ. ಲಾನ್, ಮೈದಾನಕ್ಕೆ ಪಕ್ಕದ್ದೇ ಸುಖ. ಸೈಕಲ್ ಹ್ಯಾಂಡಲ್ ಇರುವ ಪಕ್ಕದ ಮೆಷಿನ್ ಒಂದು ತೆಗೆದುಕೊಂಡು ಬರೆಯ ಕೆಲಸಕ್ಕೆ ಮೊದಲ ವರ್ಷ ಬೇರೆಯವರ ಮೆಷಿನ್ ಬಾಡಿಗೆಗೆ ತನ್ನಿ. ಕೆಲಸ ಎಷ್ಟು ಬರುತ್ತದೆ ಅಂತ ನೋಡಿ ಆಮೇಲೆ ತೀರ್ಮಾನ ಮಾಡಬಹುದು, ಅಲ್ವಾ?

ನೀರ್ಚಾಲು ತೋಟ:

ನಾನು ಕೆಲಸ ಮಾಡಿಸುವವ. ಅಡಿಕೆ, ತೆಂಗು, ಸ್ವಲ್ಪ ಗೇರು ಉಂಟು. ಮೆಷಿನ್ ಯಾವುದು ಅಂತ ನಾನು ಹೇಳಲಾರೆ, ಆದರೆ ಯಾರನ್ನು ಮತ್ತೆ ಕರೆಯುತ್ತೇನೆ ಅಂತ ಹೇಳಬಲ್ಲೆ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕೀಟನಾಶಕ, ಕಳೆನಾಶಕ ಅಂದರೆ ಜನ ಬೆಚ್ಚಿ ಬೀಳುತ್ತಾರೆ, ಅದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ನೋವು ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಇನ್ನೂ ಉಂಟು. ಪೆರ್ಲದವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಗ್ಲೈಫೋಸೇಟ್ ಕಳೆನಾಶಕವನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿತು. ಹಾಗಾಗಿ ಹುಲ್ಲು ಹೊಡೆಯುವವರಿಗೆ ಇಲ್ಲಿ ಕೆಲಸ ಕಡಿಮೆ ಆಗುವುದಿಲ್ಲ. ಒಳ್ಳೆಯ ಕೆಲಸದವರೇ ಸಿಗುವುದಿಲ್ಲ.

ನನ್ನ ದೊಡ್ಡ ದೂರು ಮರದ ಬುಡದ್ದು. ಅಡಿಕೆ, ತೆಂಗಿನ ಕಾಂಡಕ್ಕೆ ಗಾಯವಾದರೆ ಮಾವು ಹಲಸಿನ ಹಾಗೆ ತೊಗಟೆ ಬೆಳೆದು ಮುಚ್ಚಿಕೊಳ್ಳುವುದಿಲ್ಲ. ತಾಳೆ ಜಾತಿಯ ಮರಗಳಲ್ಲಿ ಆ ಪದರವೇ ಇಲ್ಲ, ಗಾಯ ಮರ ಇರುವವರೆಗೆ ಹಾಗೆಯೇ ಉಳಿಯುತ್ತದೆ. ತೆಂಗಿನಲ್ಲಿ ಕಾಂಡ ಸೋರುವ ರೋಗ ಬರುವುದು ಇಂಥ ಗಾಯ, ಬಿರುಕುಗಳ ಮೂಲಕ. ಬ್ಲೇಡ್ ಹಾಕಿದ ಮೆಷಿನ್ ಎಳೆ ಅಡಿಕೆ ಸಸಿಯ ಹತ್ತಿರ ಬಂದರೆ ನನಗೆ ಎದೆ ಢವಢವ ಅನ್ನುತ್ತದೆ. ದಾರ ಕೂಡ ಒಂದು ವರ್ಷದ ಸಸಿಯನ್ನು ಸುತ್ತ ಹರಿದು ಹಾಕುತ್ತದೆ. ಬುಡದ ಸುತ್ತ ಒಂದು ಮೊಳ ಬಿಟ್ಟು ಹೊಡೆಯಿರಿ. ಉಳಿದದ್ದನ್ನು ಕತ್ತಿಯಲ್ಲಿ ತೆಗೆಯಲು ಬೇರೆ ಸಮಯ ಕೇಳಿ, ನಾವು ಅದಕ್ಕೆ ಕೂಲಿ ಕೊಡುತ್ತೇವೆ.

ಶುರು ಮಾಡುವ ಮೊದಲು ಬಿದ್ದ ಸೋಗೆ, ಹಾಳೆ ಹೆಕ್ಕಿ ಬದಿಗೆ ಹಾಕಿ. ಡ್ರಿಪ್ ಪೈಪು, ಸ್ಪ್ರಿಂಕ್ಲರ್ ಎಲ್ಲೆಲ್ಲಿ ಉಂಟು ಅಂತ ಮನೆಯವರನ್ನು ಕರೆದುಕೊಂಡು ಒಂದು ಸುತ್ತು ಬನ್ನಿ, ಅಲ್ಲಲ್ಲಿ ಒಂದು ಕೋಲು ನೆಡಿ. ಮತ್ತೆ ಮಳೆಗಾಲದಲ್ಲಿ ಮಣ್ಣು ಕಾಣುವ ಹಾಗೆ ಬೋಳಿಸಬೇಡಿ. ಎರಡು ಮೂರು ಇಂಚು ಹುಲ್ಲು ಇರಲಿ. ಬೋಳು ಮಾಡಿದರೆ ಒಂದೇ ಮಳೆಗೆ ಮೇಲ್ಮಣ್ಣು ಉಜಿರುಕಣಿಗೆ, ಅಂದರೆ ತೋಟದ ನೀರು ಹರಿಯುವ ಚರಂಡಿಗೆ, ಇಳಿಯುತ್ತದೆ. ಹೊಡೆದ ಹುಲ್ಲು ಅಲ್ಲೇ ಬಿದ್ದಿರಲಿ, ಕಣಿಗೆ ಬಿದ್ದದ್ದನ್ನು ಮಾತ್ರ ಎಳೆದು ಹಾಕಿ.

ಕುಟುಂಬಶ್ರೀ ಮುಳಿಯಾರು:

ನಮ್ಮದು ಹೆಂಗಸರ ಗುಂಪು, ಬ್ರಷ್ ಕಟ್ಟರ್ ಕೆಲಸ ನಾವೂ ಮಾಡುತ್ತೇವೆ. ಎಲ್ಲರೂ ಎಂಜಿನ್ ಬಗ್ಗೆ ಬರೆದರು, ಮೆಷಿನ್ ಹೊರುವ ಮೈಯ ಬಗ್ಗೆ ಬರೆಯಲಿಲ್ಲ.

ಮೆಷಿನ್ ಜೊತೆ ಕೊಡುವ ಒಂದೇ ಹೆಗಲಿನ ಪಟ್ಟಿಯನ್ನು ಬದಿಗಿಡಿ. ಎರಡು ಹೆಗಲಿಗೂ ಬರುವ, ಸೊಂಟದಲ್ಲಿ ದಪ್ಪ ಪ್ಯಾಡ್ ಇರುವ ಹಾರ್ನೆಸ್ ಬೇರೆ ತೆಗೆದುಕೊಳ್ಳಿ. ಕೊಕ್ಕೆ ಸಿಕ್ಕಿಸುವ ಜಾಗವನ್ನು ಕೋಲಿನ ಮೇಲೆ ಹಿಂದೆ ಮುಂದೆ ಸರಿಸಿ, ಕೈ ಬಿಟ್ಟರೂ ಹೆಡ್ ನೆಲಕ್ಕೆ ತಾಗಿದಂತೆ ತಾಗದಂತೆ ನಿಲ್ಲಬೇಕು. ಅಷ್ಟು ಮಾಡಿದರೆ ಕೈ ಬರೀ ದಾರಿ ತೋರಿಸುತ್ತದೆ, ಭಾರ ಎಲ್ಲ ಸೊಂಟಕ್ಕೆ ಹೋಗುತ್ತದೆ. ಆರು ಕೆಜಿ ಮೆಷಿನ್ ಸರಿ ಕಟ್ಟಿಕೊಳ್ಳದಿದ್ದರೆ ಎಂಟು ಕೆಜಿಗಿಂತ ಕಷ್ಟ.

ಬೆರಳು ಜುಮ್ಮೆನ್ನುವುದು, ಬೆಳಿಗ್ಗೆ ಬೆರಳ ತುದಿ ಬಿಳಿಚಿಕೊಳ್ಳುವುದು ಶುರುವಾದರೆ ಸುಮ್ನೆ ಬಿಡಬೇಡಿ. ಅದು ನಡುಕದಿಂದ ನರ, ರಕ್ತನಾಳಕ್ಕೆ ಆಗುವ ಹಾನಿ, ಜಾಸ್ತಿ ಆದ ಮೇಲೆ ಗುಣ ಆಗುವುದಿಲ್ಲ. ನಾವು ಒಂದು ಟ್ಯಾಂಕಿ ಮುಗಿದ ಕೂಡಲೇ ಆಳು ಬದಲಿಸುತ್ತೇವೆ. ಒಬ್ಬರೇ ಮಾಡುವುದಾದರೆ ಟ್ಯಾಂಕಿ ಮುಗಿದಾಗ ಕುಳಿತುಕೊಳ್ಳಿ, ಸ್ವಲ್ಪ ಹುಲ್ಲು ರಾಶಿ ಮಾಡಿ, ನೀರು ಕುಡಿಯಿರಿ. ಕಿವಿಗೆ ಮಫ್ ಹಾಕದೆ ಮೆಷಿನ್ ಮುಟ್ಟಬೇಡಿ. 85 ಡೆಸಿಬೆಲ್ ಮೇಲೆ ದಿನಾ ಕೇಳಿದರೆ ಕಿವಿ ಹೋಗುತ್ತದೆ, ಪೆಟ್ರೋಲ್ ಮೆಷಿನ್ ಅದಕ್ಕಿಂತ ಎಷ್ಟೋ ಮೇಲೆ. ಕನ್ನಡಕ, ಮುಖಕ್ಕೆ ಜಾಲರಿ, ಗಂಬೂಟ್, ದಪ್ಪ ಪ್ಯಾಂಟ್, ಇವಕ್ಕೆ ಬೇರೆ ದುಡ್ಡು ತೆಗೆದಿಡಿ.

ಇನ್ನೊಂದು ಇಲಿ ಜ್ವರ. ಮಳೆಗಾಲದಲ್ಲಿ ತೋಟದ ಕೊಚ್ಚೆ ನೀರು ಹುಲ್ಲಿನ ಜೊತೆ ಮೈಮೇಲೆ ಹಾರುತ್ತದೆ, ಕೈಕಾಲಿನಲ್ಲಿ ಸಣ್ಣ ಗಾಯ ಇದ್ದರೂ ಅಲ್ಲಿಂದ ರೋಗ ಒಳಗೆ ಹೋಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಉಚಿತವಾಗಿ ಕೊಡುತ್ತಾರೆ, ಎಷ್ಟು ವಾರ ತೆಗೆದುಕೊಳ್ಳಬೇಕು ಅಂತ ಅವರನ್ನೇ ಕೇಳಿ. ಕೆಲಸ ಮಾಡಿದ ಮೇಲೆ ಜ್ವರ, ಮೈಕೈ ನೋವು ಬಂದರೆ ತೋಟದಲ್ಲಿ ಹುಲ್ಲು ಹೊಡೆಯುವ ಕೆಲಸ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಸಬ್ಸಿಡಿ ಬಗ್ಗೆ ಯಾರೂ ಹೇಳಲಿಲ್ಲ. ಕೃಷಿ ಯಾಂತ್ರೀಕರಣದ ಕೇಂದ್ರ ಯೋಜನೆಯಲ್ಲಿ ಅರ್ಜಿ ಹಾಕಬಹುದು, ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ. ಆಧಾರ್, ಬ್ಯಾಂಕ್ ಪುಸ್ತಕ, ಭೂ ತೆರಿಗೆ ರಶೀದಿ ಹಿಡಿದುಕೊಂಡು ಹೋಗಿ. ಮೊದಲು ಮೆಷಿನ್ ತೆಗೆದುಕೊಂಡು ಆಮೇಲೆ ಅರ್ಜಿ ಹಾಕುವ ಕ್ರಮ ಅಲ್ಲ, ಮಂಜೂರಾದ ಮೇಲೆಯೇ ಖರೀದಿ.

ಪೆರ್ಲದವ:

ಅಕ್ಕ, ಇದೆಲ್ಲ ಬರೆದದ್ದಕ್ಕೆ ದೊಡ್ಡ ಉಪಕಾರ. ಜಾಗ ಅಪ್ಪನ ಹೆಸರಿನಲ್ಲಿ ಉಂಟು, ಸೋಮವಾರ ಅವರನ್ನೇ ಕರೆದುಕೊಂಡು ಕೃಷಿ ಭವನಕ್ಕೆ ಹೋಗುತ್ತೇನೆ. ಪಕ್ಕಕ್ಕೆ ಹಾಕುವ 40 ಸಿಸಿ ಟೂ ಸ್ಟ್ರೋಕ್, ಎರಡು ಹೆಗಲಿನ ಹಾರ್ನೆಸ್, ಉಳಿದ ದುಡ್ಡಿಗೆ ರೀಲ್ ಮೋವರ್ ಅಂತ ಈಗ ತೀರ್ಮಾನ. ಒಂದು ಕೊನೆಯ ಪ್ರಶ್ನೆ. ಲಂಟಾನಕ್ಕೆ ಯಾವ ಬ್ಲೇಡ್? ಅಂಗಡಿಯಲ್ಲಿ ಸರಪಳಿ ತುಂಡು ಕಟ್ಟಿದ ಹೆಡ್ ಒಂದು ತೋರಿಸಿದರು, ಕಲ್ಲಿಗೆ ತಾಗಿದರೂ ಏನೂ ಆಗುವುದಿಲ್ಲ ಅಂದರು.

ಮುಳ್ಳೇರಿಯ ರಿಪೇರಿ:

ಸರಪಳಿ ಹೆಡ್ ಬೇಡವೇ ಬೇಡ. ಕೊಂಡಿ ಕಡಿದು ಹಾರಿದರೆ ಗುಂಡು ಹೊಡೆದ ಹಾಗೆ. ಅದರಿಂದ ಜೀವ ಹೋದ ಮೇಲೆ ಯುರೋಪಿನಲ್ಲಿ 2012ರಲ್ಲಿ ಅಂಥ ಹೆಡ್‌ಗಳನ್ನೇ ನಿಷೇಧಿಸಿದರು. ಇಲ್ಲಿ ಈಗಲೂ ಮಾರುತ್ತಾರೆ.

ಕಮ್ಯುನಿಸ್ಟ್ ಗಿಡ, ಬಳ್ಳಿ, ದಪ್ಪ ಹುಲ್ಲಿಗೆ ಮೂರು ಹಲ್ಲಿನ ಬ್ಲೇಡ್. ಹೆಬ್ಬೆರಳು ದಪ್ಪದ ಲಂಟಾನ ಕಾಂಡಕ್ಕೆ ಹಲ್ಲು ಜಾಸ್ತಿ ಇರುವ ಗರಗಸದ ತರದ ಬ್ಲೇಡ್. ಮಧ್ಯದ ತೂತಿನ ಅಳತೆ ನಿಮ್ಮ ಮೆಷಿನ್‌ನದ್ದೇ ಇರಬೇಕು, ಕೆಲವು 20 ಮಿಲಿಮೀಟರ್, ಕೆಲವು 25.4. ನಟ್ ಎಡ ಮರೆ, ಬಿಚ್ಚುವಾಗ ಉಲ್ಟಾ ತಿರುಗಿಸಬೇಕು. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡಿಂಗ್ ಮಾಡಿಸಬೇಡಿ, ಬಿಸಾಡಿ.

ಬ್ಲೇಡ್ ಹಾಕಿದಾಗ ಬಲದಿಂದ ಎಡಕ್ಕೆ ಬೀಸಿ, ಬ್ಲೇಡಿನ ಎಡಭಾಗ ಮಾತ್ರ ಕೆಲಸ ಮಾಡಲಿ. ಗಡಿಯಾರದಲ್ಲಿ 12ರಿಂದ 3ರ ವರೆಗಿನ ಜಾಗ, ಅಂದರೆ ಮುಂದಿನ ಬಲ ಮೂಲೆ, ಗಟ್ಟಿ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಮೆಷಿನ್ ನಿಮ್ಮನ್ನೇ ಎಳೆದು ಬಲಕ್ಕೆ ಎಸೆಯುತ್ತದೆ. 15 ಮೀಟರ್ ಒಳಗೆ ಯಾರೂ ಇರಬಾರದು. ಹುಲ್ಲು ಹೆಕ್ಕುವವರು ಹಿಂದೆಯೇ ಬರುವ ಅಭ್ಯಾಸ ನಮ್ಮಲ್ಲಿ ಉಂಟು, ಅದನ್ನು ಮೊದಲ ದಿನದಿಂದಲೇ ನಿಲ್ಲಿಸಿ. ಗೇರ್ ಹೆಡ್‌ನ ಸಣ್ಣ ಸ್ಕ್ರೂ ಬಿಚ್ಚಿ 25 ಗಂಟೆಗೊಮ್ಮೆ ಗ್ರೀಸ್ ನೋಡಿ, ಮಳೆಗಾಲದಲ್ಲಿ ಅದಕ್ಕಿಂತ ಬೇಗ.

ಮೆಷಿನ್ ತೆಗೆದುಕೊಳ್ಳುವ ದಿನ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರಬೇಡಿ. ಅಲ್ಲೇ ಸ್ಟಾರ್ಟ್ ಮಾಡಿಸಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಹೆಡ್ ತಿರುಗಬಾರದು, ತಿರುಗಿದರೆ ಅಲ್ಲೇ ಸರಿ ಮಾಡಿಸಿ. ಬಿಸಿ ಆದ ಮೇಲೆ ಬಂದ್ ಮಾಡಿ ಇನ್ನೊಮ್ಮೆ ಎಳೆದು ನೋಡಿ. ಹಾರ್ನೆಸ್ ನಿಮ್ಮ ಮೈಗೆ ಅವರ ಎದುರಿಗೇ ಸರಿ ಮಾಡಿಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕಾರ್ಡಿಗೆ ಸೀಲು ಹಾಕಿಸಿ. ಬಾಡಿಗೆ ಕೆಲಸಕ್ಕೆ ಬಳಸಿದರೆ ವಾರಂಟಿ ಎಷ್ಟು ಕಾಲ ಅಂತ ಕೇಳಿ, ಕೆಲವು ಕಡೆ ಮನೆ ಬಳಕೆಗೆ ಒಂದು, ಕೂಲಿ ಕೆಲಸಕ್ಕೆ ಇನ್ನೊಂದು ಅಂತ ಇರುತ್ತದೆ.